ಬೈಪಾಸ್ ಆದ ತಮ್ಮನಿಗೆ

ತಮ್ಮಾ, ಎದೆಯ ಗಾಯ ಮಾಯಿತು, ಮೆಟ್ಟಿಲು ಹತ್ತಿದರೂ ಈಗ ಉಸಿರು ಕಟ್ಟುವುದಿಲ್ಲ ಎಂದು ಕೇಳಿ ಸಮಾಧಾನವಾಯಿತು. ಆದರೆ ವಿಜಯಪುರದ ನಮ್ಮ ಜೋರಾಪುರ ಪೇಟೆಯಲ್ಲಿ ಬೈಪಾಸ್ ಮಾಡಿಸಿಕೊಂಡು ಬಂದವರ ಬಾಯಲ್ಲಿ ಸ್ವಲ್ಪ ದಿನಕ್ಕೇ ಒಂದು ಮಾತು ಬರುತ್ತದೆ: ‘ಹೊಸಾ ನಳಾ ಹಾಕ್ಯಾರ, ಇನ್ನ ಗುಳಿಗಿ ಯಾಕ?’ ನೀನೂ ಹಾಗನ್ನುವ ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರನಲ್ಲ, ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ ಮಾಸ್ತರ. ಯಾವ ಗುಳಿಗೆ, ಎಷ್ಟು ಎಂಬುದು ನಿನ್ನ ಡಾಕ್ಟರಿಗೆ ಬಿಟ್ಟದ್ದು. ಅದು ಒಳಗೆ ಏನು ಮಾಡುತ್ತದೆ ಎಂಬುದನ್ನು ನನ್ನಿಂದ ಕೇಳು.

ನಿನಗೆ ಎರಡು ಬಗೆಯ ನಾಳ ಜೋಡಿಸಿದ್ದಾರೆ. ಒಂದು ಎದೆಗೂಡಿನ ಒಳಗಿನ ಅಪಧಮನಿ. ಹುಟ್ಟಿದಾಗಿನಿಂದ ರಕ್ತದ ರಭಸ ಕಂಡದ್ದು, ಹತ್ತು ವರ್ಷವಾದರೂ ನೂರಕ್ಕೆ 90ರಷ್ಟು ಜನರಲ್ಲಿ ತೆರೆದೇ ಇರುತ್ತದೆ. ಇನ್ನೊಂದು ಕಾಲಿನಿಂದ ತೆಗೆದ ಅಭಿಧಮನಿ. ಅರ್ಜೆಂಟೀನಾದ ರೆನೆ ಫವಲೋರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇದನ್ನು ಹೃದಯಕ್ಕೆ ಹೊಲಿಯುವ ದಾರಿ ತೋರಿಸಿದರು. ನಮ್ಮ ದೇಶದ ಮೊದಲ ಬೈಪಾಸನ್ನು 1975ರಲ್ಲಿ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಮಾಡಿದರು. ಕಾಲಿನ ನಾಳ ಬೇಕಾದಷ್ಟು ಉದ್ದ ಸಿಗುತ್ತದೆ, ತೆಗೆಯುವುದೂ ಸುಲಭ. ಆದರೆ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ನಾಳಗಳು ಮುಚ್ಚಿರುತ್ತವೆ, ಇಲ್ಲವೇ ಕೆಟ್ಟಿರುತ್ತವೆ.

ಯಾಕೆ? ಮಲಗಿದಾಗ ಕಾಲಿನ ಅಭಿಧಮನಿಯೊಳಗಿನ ಒತ್ತಡ, ಬಿಪಿ ಅಳೆಯುವ ಲೆಕ್ಕದಲ್ಲಿ, 10ರ ಆಸುಪಾಸು. ಹೃದಯಕ್ಕೆ ಹೊಲಿದ ಕ್ಷಣದಿಂದ ಅದಕ್ಕೆ 120ರ ಹೊಡೆತ. ಇಂಥ ಒತ್ತಡದ ಕಾಟ ನಮ್ಮೂರಿನ ಆದಿಲ್‌ಶಾಹಿಗಳಿಗೂ ಗೊತ್ತಿತ್ತು. 1651ರ ಬೇಗಂ ತಲಾಬ ಎಂಬ ಕೆರೆಯ ನೀರನ್ನು ಮಣ್ಣಿನ ಕೊಳವೆಗಳಲ್ಲಿ ಊರಿಗೆ ತಂದಾಗ, ಕೊಳವೆ ಒಡೆಯಬಾರದೆಂದು ನಡುನಡುವೆ ಗಂಜ್ ಎಂಬ ಗೋಪುರ ಎಬ್ಬಿಸಿ ಒತ್ತಡ ಇಳಿಸಿದರು. ನಿನ್ನ ನಾಳಕ್ಕೆ ಗಂಜ್ ಇಲ್ಲ. ಆದರೆ ಅದು ಜೀವವಿರುವ ನಾಳ. ಒತ್ತಡ ಬಿದ್ದರೆ ತನ್ನ ಗೋಡೆಯನ್ನು ತಾನೇ ದಪ್ಪ ಮಾಡಿಕೊಳ್ಳುತ್ತದೆ. ಅದನ್ನು ಉಳಿಸುವುದೂ ಅದೇ ಗುಣ, ಕೆಡಿಸುವುದೂ ಅದೇ.

ನಾಳದ ಒಳಮೈಗೆ ಒಂದೇ ಸಾಲು ಜೀವಕೋಶಗಳ ಪದರವಿದೆ, ಎಂಡೋಥೀಲಿಯಂ ಎನ್ನುತ್ತಾರೆ. ಅದು ನೈಟ್ರಿಕ್ ಆಕ್ಸೈಡ್ ಸೂಸುತ್ತ ಗೋಡೆಯನ್ನು ಸಡಿಲವಾಗಿಡುತ್ತದೆ, ಪ್ಲೇಟ್‌ಲೆಟ್ ಎಂಬ ರಕ್ತಕಣಗಳು ಅಂಟದಂತೆ ಕಾಯುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಕಾಲಿನಿಂದ ಬಿಡಿಸಿ, ಹಿಗ್ಗಿಸಿ, ಹೊಲಿಯುವಾಗ ಈ ಪದರಕ್ಕೆ ಅಲ್ಲಲ್ಲಿ ಪೆಟ್ಟಾಗುತ್ತದೆ. ಪೆಟ್ಟಾದ ಕಡೆ ಪ್ಲೇಟ್‌ಲೆಟ್ ಕೂಡಿ ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ತಿಂಗಳಲ್ಲಿ ನಾಳ ಮುಚ್ಚುವುದು ಹೆಚ್ಚಾಗಿ ಹೀಗೆ. ಆಸ್ಪಿರಿನ್ ಕೊಡುವುದು ಅದಕ್ಕೇ.

ಅಂಟಿದ ಪ್ಲೇಟ್‌ಲೆಟ್‌ಗಳು ಬೆಳವಣಿಗೆಯ ರಾಸಾಯನಿಕಗಳನ್ನೂ ಬಿಡುತ್ತವೆ. ಗೋಡೆಯ ನಡುವಿನ ಸ್ನಾಯುಕೋಶಗಳಿಗೆ ಇರುವ ಕೆಲಸ ಕುಗ್ಗುವುದು, ಹಿಗ್ಗುವುದು. ಈ ರಾಸಾಯನಿಕ ಮತ್ತು ಒತ್ತಡ ಸೇರಿದಾಗ ಅವು ಆ ಕೆಲಸ ಬಿಟ್ಟು, ಒಂದು ಎರಡಾಗಿ, ಒಳಮೈಯತ್ತ ಸರಿದು, ಸುತ್ತಲೂ ನಾರು ತುಂಬುತ್ತವೆ. ಸ್ವಲ್ಪ ದಪ್ಪವಾದರೆ ನಾಳ ಗಟ್ಟಿ, ಅತಿಯಾದರೆ ದಾರಿಯೇ ಕಿರಿದು. ಒಂದು ತಿಂಗಳಿಂದ ಒಂದು ವರ್ಷದವರೆಗೆ ಇದರ ಕಾಲ. ಆಮೇಲೆ ಈ ದಪ್ಪ ಪದರದೊಳಗೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಅದನ್ನು ತಿಂದ ಬಿಳಿ ರಕ್ತಕಣಗಳು ಊದಿಕೊಂಡು ಅಲ್ಲೇ ಉಳಿಯುತ್ತವೆ, ಕೊಬ್ಬಿನ ಗಡ್ಡೆಯಾಗುತ್ತದೆ. ಅಭಿಧಮನಿಯಲ್ಲಿ ಈ ಗಡ್ಡೆಯ ಮೇಲಿನ ಪೊರೆ ತೆಳು, ಬೇಗ ಒಡೆಯುತ್ತದೆ. ಸ್ಟ್ಯಾಟಿನ್ ಗುಳಿಗೆ ಇದನ್ನು ನಿಧಾನ ಮಾಡುತ್ತದೆ.

ಸ್ನಾಯುಕೋಶಗಳ ಆ ಬೆಳವಣಿಗೆಯನ್ನು ಒಂದೇ ಏಟಿಗೆ ನಿಲ್ಲಿಸಲು, ಹೊಲಿಯುವ ಮೊದಲೇ ನಾಳವನ್ನು ಔಷಧಿಯಲ್ಲಿ ನೆನೆಸಿ ನೋಡಿದ್ದೂ ಉಂಟು. 3,000ಕ್ಕೂ ಹೆಚ್ಚು ರೋಗಿಗಳ ಮೇಲಿನ ಆ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು, ಉಪಯೋಗವಾಗಲಿಲ್ಲ. ಹಾಗಾಗಿ ನಾಳ ಕಾಯುವ ಕೆಲಸ ದಿನದ ಗುಳಿಗೆ ಮತ್ತು ನಿನ್ನ ನಡತೆಯ ಮೇಲೇ ನಿಂತಿದೆ.

ಸರಿ, ಈಗ ಮಾಡಬೇಕಾದದ್ದು. ಬೀಡಿ, ಸಿಗರೇಟು, ತಂಬಾಕು, ಗುಟಕಾ ಪೂರ್ತಿ ಬಿಡು. ಅವುಗಳ ವಿಷ ರಕ್ತಕ್ಕಿಳಿದು ನಾಳದ ಆ ಒಳಪದರವನ್ನೇ ಕೆಡಿಸುತ್ತದೆ. ಕೆಟ್ಟ ಕೊಲೆಸ್ಟರಾಲ್ ಡಾಕ್ಟರು ಹೇಳಿದ ಗುರಿಯ ಕೆಳಗಿರಲಿ, ನಿನ್ನದು ಎಷ್ಟಿರಬೇಕೆಂದು ಕೇಳಿಕೋ. ಬಿಪಿ, ಸಕ್ಕರೆ ಅಳತೆಯಲ್ಲಿರಲಿ. ಹಲ್ಲು ಕೀಳಿಸುವಾಗ ಯಾರೋ ಹೇಳಿದರೆಂದು ಆಸ್ಪಿರಿನ್ ನಿಲ್ಲಿಸಬೇಡ, ಹೃದಯದ ಡಾಕ್ಟರನ್ನು ಕೇಳಿದ ಮೇಲೆಯೇ ಮುಂದಿನ ಮಾತು. ‘ಆರಾಮ ಅದೀನಿ’ ಎಂಬುದನ್ನು ನಂಬಿ ಕೂಡಬೇಡ, ನಾಳ ನೋವಿಲ್ಲದೆಯೂ ಕಿರಿದಾಗುತ್ತದೆ. ಆಪರೇಷನ್ ಕಲಬುರಗಿಯಲ್ಲಿ ಆಗಲಿ, ಸೊಲ್ಲಾಪುರ, ಮಿರಜ, ಬೆಳಗಾವಿಯಲ್ಲಿ ಆಗಲಿ, ದೂರದ ನೆವ ಹೇಳಿ ತಪಾಸಣೆ ತಪ್ಪಿಸಬೇಡ.

ಕೊನೆಗೊಂದು. ಮತ್ತೆ ಎದೆ ಹಿಡಿದಂತಾದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂಡದೆ ಕೂಡಲೇ ಆಸ್ಪತ್ರೆಗೆ ಹೋಗು. ಎಷ್ಟು ನಾಳ, ಎಲ್ಲಿಂದ ತೆಗೆದು ಎಲ್ಲಿಗೆ ಜೋಡಿಸಿದ್ದಾರೆ ಎಂಬುದು ಡಿಸ್ಚಾರ್ಜ್ ಕಾಗದದಲ್ಲಿದೆ. ಅದರ ಝೆರಾಕ್ಸ್ ಒಂದು ನಿನ್ನ ಕಿಸೆಯಲ್ಲಿರಲಿ, ಇನ್ನೊಂದು ಮನೆಯವರ ಕೈಯಲ್ಲಿರಲಿ.