ಶಿಗೆಯನ್ನ ಬಯ್ಯೂ ಮೊದಲ

ತಮ್ಮಾ, ಯಾಸುಜಿರೊ ಓಝು ತಗದ ‘ಟೋಕಿಯೊ ಸ್ಟೋರಿ’ ನೋಡಿ, ದೊಡ್ಡ ಮಗಳು ಶಿಗೆ ಕಲ್ಲೆದಿಯಾಕಿ ಅಂದಿ. ಅಷ್ಟು ಲಗೂ ತೀರ್ಪು ಕೊಡಬ್ಯಾಡ.

1953ರ ಸಿನಿಮಾ ಅದು. ಒನೊಮಿಚಿಯಿಂದ ಮುದುಕ-ಮುದುಕಿ ಮಕ್ಕಳನ್ನ ನೋಡಾಕ ಟೋಕಿಯೊಕ್ಕ ಹೋಗ್ತಾರ, ಮಕ್ಕಳಿಗೆ ಪುರಸೊತ್ತಿಲ್ಲ. ಊರಿಗೆ ಮರಳಿ ತಾಯಿ ಹಾಸಿಗಿ ಹಿಡದಾಗ ಶಿಗೆ ಅಣ್ಣನ್ನ ಕೇಳ್ತಾಳ: ಸೂತಕದ ಅರಿವಿ ತಗೊಂಡು ಹೋಗೂಣೇನು? ಕ್ರಿಯಾ ಮುಗದು ಊಟಕ್ಕ ಕುಂತಲ್ಲೇ, ಅವ್ವನ ಬೂದಿಬಣ್ಣದ ನಡುಪಟ್ಟಿ ನನಗ ಬೇಕು ಅಂತಾಳ. ನಿನಗ ಸಿಟ್ಟು ಬಂದದ್ದು ಇಲ್ಲೇ. ಆದರ ಸತ್ತವರ ಅರಿವಿ-ವಸ್ತು ಹತ್ತಿರದವರು ಹಂಚಿಕೊಳ್ಳೂದು ಅಲ್ಲಿ ರೀತಿ. ನಮ್ಮಲ್ಲೂ ಅವ್ವನ ಇಳಕಲ್ ಸೀರಿ ಹೆಣ್ಣುಮಕ್ಕಳಿಗೆ ಹೋಗೂದಿಲ್ಲೇನು? ಕೇಳಿದ್ದು ತಪ್ಪಲ್ಲ, ಕೇಳಿದ ಹೊತ್ತು ತಪ್ಪು. ಸೂತಕದ ಅರಿವಿನೂ ಹಂಗ. ಮರೀದೆ ತಂದಾಕಿ ಶಿಗೆ, ನೀ ಹೊಗಳಿದ ಸೊಸಿ ನೊರಿಕೊ ತಂದೇ ಇಲ್ಲ! ಓಝು ಎಂಥಾ ಖಿಲಾಡಿ ನೋಡು.

ತಿಕೋಟದವರಾದ ನಮಗ ಮಂಡ್ಯದ ‘ತಿಥಿ’ ಸಿನಿಮಾ ಸೈತ ಒಂದು ಜಪಾನೇ. ರಾಮ್ ರೆಡ್ಡಿ 2015ರಾಗ ನೊದೆಕೊಪ್ಪಲಿನ ಮಂದಿ ಕೈಲೇ ಪಾತ್ರ ಮಾಡಿಸಿ ತಗದದ್ದು. ಹೊಲ ಮಾರಾಕ ಜೀವಂತ ಅಪ್ಪ ಸತ್ತಾನಂತ ಕಾಗದ ಹುಟ್ಟಿಸೂ ತಮ್ಮಣ್ಣನ್ನ ಕಂಡು ನೀ ನಕ್ಕಿ. ತಲಾಟಿ ಕಚೇರಿ ಮೆಟ್ಟಲು ಸವೆಸಿದವರು ನಗೂ ರೀತಿನೇ ಬ್ಯಾರೆ. ಅಜ್ಜನ ಹೆಸರಿನ ಉತಾರಿ ಮೊದಲ ಅಪ್ಪನ ಹೆಸರಿಗೆ ವಾರಸಾ ಆಗಬೇಕು. ಅಪ್ಪ ಬರಕೊಡದ ಹೊರತು ಮಗನ ಕೈಗೆ ಹೊಲ ಸಲೀಸಾಗಿ ಬರೂದಿಲ್ಲ. ಆ ಅಪ್ಪ ಗಡ್ಡಪ್ಪಗೋ, ಹೊಲದ ಖಬರೇ ಇಲ್ಲ, ಬಾಟ್ಲಿ ಹಿಡದು ತಿರಗ್ತಾನ. ತಮ್ಮಣ್ಣನೂ ಶಿಗೆಯಂಥವನೇ. ಕೆಟ್ಟವನಲ್ಲ, ಸಂಸಾರ ತೂಗಸಾಕ ಹೊಂಟವ.

ನಮ್ಮ ಕಡೆ ಮನಿತನದ ಮ್ಯಾಲ ಸಿನಿಮಾ ತಗೀತೀನಿ ಅಂತೀಯಲ್ಲ, ಕ್ಯಾಮೆರಾ ಆಮ್ಯಾಲ. ಮೊದಲ ಬಬಲೇಶ್ವರದ ಕಡೆ ಒಂದು ಮಣ್ಣಿಗೆ ಹೋಗಿ ಹಿಂದ ಕುಂದ್ರು. ಒಲಿ ಹಚ್ಚದ ಮನಿಗೆ ರೊಟ್ಟಿಬುಟ್ಟಿ ಯಾರ ಮನಿಯಿಂದ ಬಂತು, ಬರಬೇಕಾದದ್ದು ಯಾರ ಮನಿಯಿಂದ ಬರಲಿಲ್ಲ, ಜಗಳಾಡಿದ ಅಣ್ಣತಮ್ಮರೊಳಗ ಹೆಗಲು ಕೊಟ್ಟವ ಯಾರು, ನೋಡಕೋ. ತಿಕೋಟದಾಗ ಒಣದ್ರಾಕ್ಷಿ ಶೆಡ್ಡಿಗೆ ಹೋದರ, ಲೆಕ್ಕದ ವಹಿ ಅಪ್ಪನ ಹತ್ತಿರ ಅದನೋ ಮಗನ ಹತ್ತಿರನೋ ನೋಡು. ಯಾರನ್ನೂ ಕೇಳಬ್ಯಾಡ, ಕೇಳಿದರ ನಿನಗ ಚಂದ ಕಾಣೂದನ್ನಷ್ಟೇ ಹೇಳ್ತಾರ.

ಮತ್ತ ಮೊದಲ ಶಾಟಿಗೇ ಗೋಳಗುಮ್ಮಟ ತರಬ್ಯಾಡ. ಟೋಕಿಯೊ ಬಂತು ಅಂತ ಓಝು ತೋರಿಸಿದ್ದು ಕಾರ್ಖಾನಿ ಚಿಮಣಿ.