ಹಬ್ಬ ಮುಗಿಸಿ ಬಂದವರಿಗೆ ಕೆಲಸವೇಕೆ ಹತ್ತುವುದಿಲ್ಲ?

ಪ್ರಶ್ನೆ: ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದಸರೆಗೆ ರಜೆ ಹಾಕಿ ಮಕ್ಕಳೊಂದಿಗೆ ಶಿವಮೊಗ್ಗದ ಕಡೆ ಗಂಡನ ಊರಿಗೆ ಹೋಗಿದ್ದೆವು. ಭಾನುವಾರ ರಾತ್ರಿ ಬಸ್ಸಿಗೆ ಹೊರಟು, ಸೋಮವಾರ ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡಿ ನೇರ ಆಫೀಸಿಗೆ ಹೋದೆ. ವಾರ ಕಳೆದರೂ ಕೆಲಸ ಕೈಗೆ ಹತ್ತುತ್ತಿಲ್ಲ. ರಾತ್ರಿ ಹನ್ನೆರಡಾದರೂ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ. ಊರಿನಲ್ಲಿ ದಿನಾ ಇಪ್ಪತ್ತು ಜನರ ಅಡುಗೆಗೆ ನಿಂತವಳು ನಾನು. ಇಲ್ಲಿ ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಸುಸ್ತಾಗುತ್ತಿದೆ. ಇದು ಸೋಮಾರಿತನವೇ? ದೀಪಾವಳಿಗೆ ಮತ್ತೆ ಹೋಗಲೇಬೇಕು. ಆಗಲೂ ಹೀಗಾಗದಂತೆ ಏನು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸೋಮಾರಿತನವಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪತ್ರದ ಉದ್ದಕ್ಕೂ ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ದಿನಾ ಇಪ್ಪತ್ತು ಜನರಿಗೆ ಬಡಿಸಿ, ಇಡೀ ರಾತ್ರಿ ಬಸ್ಸಿನಲ್ಲಿ ಕೂತು, ಬೆಳಿಗ್ಗೆ ಆಫೀಸಿನಲ್ಲಿ ಹಾಜರಿ ಹಾಕಿದವರನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬರಬಾರದು. ನಿಮ್ಮ ಸುಸ್ತಿಗೆ ಕಾರಣಗಳು ಮೂರಾದರೂ ಇವೆ, ಮೂರೂ ಒಟ್ಟಿಗೇ ಬಂದಿವೆ.

ಹೆಚ್ಚಿನವರು ಮರೆಯುವ ಕಾರಣವನ್ನು ಮೊದಲು ಹೇಳುತ್ತೇನೆ. ನಿಮಗೆ ರಜೆಯೇ ಸಿಕ್ಕಿಲ್ಲ. ಆಫೀಸಿಗೆ ರಜೆ ಇತ್ತು, ಅಷ್ಟೆ. ಕೆಲಸದ ದಣಿವು ಹೇಗೆ ಆರುತ್ತದೆ ಎಂದು ದಶಕಗಳಿಂದ ಅಧ್ಯಯನ ಮಾಡುತ್ತಿರುವ ಜರ್ಮನಿಯ ಮನೋವಿಜ್ಞಾನಿ ಸಬೀನೆ ಸೊನ್ನೆನ್‌ಟಾಗ್ ಅವರು ಒತ್ತಿ ಹೇಳುವುದು, ಮನಸ್ಸು ಹೊಣೆಯಿಂದ ಬಿಡಿಸಿಕೊಂಡಾಗಲೇ ದಣಿವು ಆರುತ್ತದೆ ಎಂದು. ಜಾಗ ಬದಲಾದ ಮಾತ್ರಕ್ಕೆ ಅದು ಆಗುವುದಿಲ್ಲ. ಹಬ್ಬದ ಮನೆಯಲ್ಲಿ ಸೊಸೆಗೆ ಬಿಡುವೆಲ್ಲಿ? ಹೂರಣ ರುಬ್ಬಿದ್ದಾಯಿತೇ, ಸಂಜೆ ಗೊಂಬೆ ನೋಡಲು ಬರುವವರಿಗೆ ಚರಪು ಸಾಲುತ್ತದೆಯೇ, ರಾತ್ರಿ ಹಾಸಿಗೆ ಎಷ್ಟು ಹಾಸಬೇಕು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಪ್ರೀತಿಯಿಂದ ಮಾಡಿದ ಕೆಲಸವೂ ಮೈಗೆ ಕೆಲಸವೇ. ಅದೇ ಹೊತ್ತಿಗೆ ಮನೆಯ ಗಂಡಸರು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು, ಮಧ್ಯಾಹ್ನ ಒಂದು ನಿದ್ದೆ ತೆಗೆದು ಬಂದಿರುತ್ತಾರೆ. ಸೋಮವಾರ ಇಬ್ಬರೂ ಒಂದೇ ಬಸ್ಸಿನಿಂದ ಇಳಿದರೂ ಇಬ್ಬರ ದಣಿವು ಒಂದೇ ಅಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಮುಂದಿನ ಹಬ್ಬದಲ್ಲಿ ಬೆಳಗಿನ ತಿಂಡಿಯ ಹೊಣೆ ಅವರದೂ ಅವರ ಅಣ್ಣತಮ್ಮಂದಿರದೂ ಆಗಲಿ. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಅತಿ ಮುಖ್ಯ ಸಲಹೆ ಇದೇ ಇರಬಹುದು.

ಇನ್ನು ನಿದ್ದೆಯ ವಿಷಯ. ನಮ್ಮ ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ಹಾದುಹೋಗುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಚಿಕ್ಕ ಗುಂಪೊಂದಿದೆ. ದೇಹದ ಗಡಿಯಾರವೆಂದು ಕರೆಯುವುದು ಇದನ್ನೇ. ಹಸಿವು, ನಿದ್ದೆ, ಮೈಯ ಬಿಸಿ, ಗಮನದ ಚುರುಕು ಎಲ್ಲವೂ ಇದರ ತಾಳಕ್ಕೆ ಏರಿಳಿಯುತ್ತವೆ. ಜೀವಕೋಶದೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಕಂಡುಹಿಡಿದದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ನಿಮಗೆ ತೊಂದರೆ ಕೊಡುತ್ತಿರುವುದು ಇದರ ಒಂದು ಗುಣ. ಬಿಸಿಲು, ಅಲಾರಂ ಯಾವುದರ ಸುಳಿವೂ ಸಿಗದಂತೆ ಇಟ್ಟು ನೋಡಿದರೆ ಮನುಷ್ಯರ ಗಡಿಯಾರ ಸರಾಸರಿ 24 ಗಂಟೆ 11 ನಿಮಿಷಕ್ಕೆ ಒಂದು ಸುತ್ತು ಬರುತ್ತದೆ ಎಂದು ಹಾರ್ವರ್ಡ್‌ನ ಚಾರ್ಲ್ಸ್ ಸೈಸ್ಲರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಅಂದರೆ ಅದಕ್ಕೆ ಹಿಂದೆ ಬೀಳುವುದೇ ಸಲೀಸು. ಹಬ್ಬದಲ್ಲಿ ತಡವಾಗಿ ಮಲಗುವುದನ್ನು ಯಾರೂ ಕಲಿಸಬೇಕಾಗಿಲ್ಲ, ಮೈ ತಾನೇ ಒಗ್ಗಿಕೊಳ್ಳುತ್ತದೆ. ಅದನ್ನು ಮುಂದಕ್ಕೆ ಎಳೆದು ತರುವುದು ಮಾತ್ರ ನಿಧಾನದ ಕೆಲಸ. ಊರಿನಲ್ಲಿ ರಾತ್ರಿ ಒಂದರವರೆಗೆ ಹರಟೆ ಹೊಡೆದು ಎಂಟಕ್ಕೆ ಎದ್ದ ಮೈಯನ್ನು ಸೋಮವಾರ ಆರಕ್ಕೆ ಎಬ್ಬಿಸಿದರೆ, ಎರಡು ಗಂಟೆಯಷ್ಟು ದೂರದ ದೇಶಕ್ಕೆ ವಿಮಾನದಲ್ಲಿ ಹೋಗಿ ಇಳಿದಂತೆಯೇ ಅದಕ್ಕೆ. ಮ್ಯೂನಿಕ್‌ನ ಟಿಲ್ ರೋನೆಬರ್ಗ್ ಮತ್ತು ಅವರ ಸಂಗಡಿಗರು 2006ರಲ್ಲಿ ಇದಕ್ಕೆ ‘ಸೋಶಿಯಲ್ ಜೆಟ್‌ಲ್ಯಾಗ್’ ಎಂದು ಹೆಸರಿಟ್ಟರು.

ಹಾಗಾದರೆ ಮುಂದಕ್ಕೆ ಎಳೆಯುವುದು ಹೇಗೆ? ‘ಬೇಗ ಮಲಗಿ’ ಎಂದು ನಾನು ಹೇಳುವುದಿಲ್ಲ. ನಿದ್ದೆ ಹೇಳಿದಂತೆ ಕೇಳುವುದಿಲ್ಲ. ಹತ್ತಕ್ಕೆ ಮಲಗಿ ಹನ್ನೆರಡರವರೆಗೆ ಹೊರಳಾಡಿದರೆ ಸಿಟ್ಟೊಂದೇ ಲಾಭ. ನಮ್ಮ ಕೈಯಲ್ಲಿರುವುದು ಏಳುವ ಹೊತ್ತು. ನಾಳೆಯಿಂದ ಒಂದು ಹೊತ್ತು ಗೊತ್ತುಮಾಡಿ, ರಾತ್ರಿ ಎಷ್ಟಕ್ಕೇ ಮಲಗಿರಲಿ, ಆ ಹೊತ್ತಿಗೆ ಏಳಿ. ಎದ್ದು ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಬನ್ನಿ. ಕಿಟಕಿಯ ಪಕ್ಕ ನಿಂತರೆ ಸಾಲದು. ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಬೆಳಕಿರುತ್ತದೆ; ಬಯಲಿನಲ್ಲಿ ಮೋಡ ಕವಿದ ದಿನವೂ ಅದು ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಹಾಲು ತರಲು ಬೂತಿಗೆ ನಡೆದೇ ಹೋಗಿ, ಕಾಫಿ ಲೋಟ ಹಿಡಿದು ತಾರಸಿಯ ಮೇಲೆ ನಿಲ್ಲಿ, ಮಕ್ಕಳ ಸ್ಕೂಲ್ ವ್ಯಾನು ಬರುವವರೆಗೆ ಗೇಟಿನ ಹೊರಗೆ ಕಾಯಿರಿ. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ತರುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ತಳ್ಳುತ್ತದೆ. ಮೊಬೈಲನ್ನು ಮಂಚದ ಹತ್ತಿರ ಇಟ್ಟುಕೊಳ್ಳಬೇಡಿ ಎನ್ನುವುದು ಅದಕ್ಕೇ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಯ ಮೇಲೂ ರಕ್ತದಲ್ಲಿ ಉಳಿದಿರುತ್ತದೆ.

ಇದನ್ನು ನೀವೊಬ್ಬರೇ ಮಾಡಿದರೆ ಕಷ್ಟ. ಯಾಕೆ ಎನ್ನುವುದಕ್ಕೆ ಬಾವಲಿಗಳ ಕಥೆಯೊಂದನ್ನು ಹೇಳುತ್ತೇನೆ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಎಂಬ ವಿಜ್ಞಾನಿ ಇದ್ದರು. ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಕೆಲಸ ಮಾಡಿದರು. ಭಾರತದಲ್ಲಿ ದೇಹದ ಗಡಿಯಾರದ ಅಧ್ಯಯನಕ್ಕೆ ತಳಪಾಯ ಹಾಕಿದವರಲ್ಲಿ ಅವರೊಬ್ಬರು. ಅವರೂ ಸಂಗಡಿಗರೂ ಮಧುರೈ ಹತ್ತಿರದ ಗುಹೆಯೊಂದರಲ್ಲಿ ಮಾಡಿ 1981ರಲ್ಲಿ ಪ್ರಕಟಿಸಿದ ಬಾವಲಿಗಳ ಪ್ರಯೋಗವನ್ನು ಓದಿದಾಗಿನಿಂದ ನನ್ನ ಮನಸ್ಸಿನಿಂದ ಅದು ಹೋಗಿಲ್ಲ. ಬೆಳಕೇ ತಲುಪದ ಗುಹೆಯ ಒಳಗೆ ಪಂಜರದಲ್ಲಿ ಬಾವಲಿಗಳನ್ನು ಇಟ್ಟರು. ಹೊರಗೆ ಸೂರ್ಯ ಮುಳುಗಿದನೋ ಹುಟ್ಟಿದನೋ ಅವಕ್ಕೆ ಗೊತ್ತಾಗುವಂತಿಲ್ಲ. ಆದರೆ ಅದೇ ಗುಹೆಯ ಬೇರೆ ಬಾವಲಿಗಳು ಸಂಜೆ ಹಾರಿಹೋಗಿ ಬೆಳಗಿನ ಜಾವ ಮರಳುತ್ತಿದ್ದವು. ಪಂಜರದವು ಆ ಸದ್ದುಸಂಚಾರವನ್ನೇ ಹಿಡಿದು ದಿನ ತಪ್ಪದೆ ಅದೇ ಹೊತ್ತಿಗೆ ಎಚ್ಚರಗೊಂಡು ಹಾರಾಡುತ್ತಿದ್ದವು. ಜೊತೆಯ ಬಾವಲಿಗಳಿಲ್ಲದ ಗುಹೆಯಲ್ಲಿ ಇಟ್ಟಾಗ ಅವುಗಳ ಹೊತ್ತು ದಿನದಿಂದ ದಿನಕ್ಕೆ ಜಾರತೊಡಗಿತು.

ಮನುಷ್ಯರಿಗೆ ಬೆಳಕಿನದೇ ಹೆಚ್ಚಿನ ಪಾತ್ರ, ಒಪ್ಪುತ್ತೇನೆ. ಆದರೆ ಮನೆಯ ಅನುಭವ ಇದ್ದವರಿಗೆಲ್ಲ ಜೊತೆಯವರ ಹೊತ್ತು ನಮ್ಮ ಹೊತ್ತನ್ನು ಹೇಗೆ ಎಳೆಯುತ್ತದೆ ಎನ್ನುವುದು ಗೊತ್ತು. ಟಿವಿ ಹನ್ನೊಂದರವರೆಗೆ ಓಡುವ ಮನೆಯಲ್ಲಿ ಒಬ್ಬರು ಮಾತ್ರ ಹತ್ತಕ್ಕೆ ಮಲಗಲಾರರು. ದಸರೆ ರಜೆ ಮುಗಿದ ಮಕ್ಕಳಿಗೂ ಇದೇ ಪಾಡು. ಮೊದಲ ವಾರ ಅವರನ್ನು ಎಬ್ಬಿಸುವಷ್ಟರಲ್ಲೇ ನಿಮ್ಮ ಅರ್ಧ ಶಕ್ತಿ ಹೋಗಿರುತ್ತದೆ. ರಾತ್ರಿ ಊಟ ಎಂಟಕ್ಕೆ, ದೊಡ್ಡ ದೀಪ ಆರುವುದು ಹತ್ತಕ್ಕೆ ಎಂದು ಇಡೀ ಮನೆಗೆ ಒಂದು ಕಟ್ಟು ಹಾಕಿ. ಮನೆಯೆಲ್ಲ ಒಟ್ಟಿಗೆ ಹೊರಳಿದರೆ ಒಂದು ವಾರ ಸಾಕು.

ಮೂರನೆಯ ಕಾರಣ ಮೇಜಿನ ಮೇಲಿದೆ. ಬಿಟ್ಟುಹೋದ ಕೆಲಸದ ಎಳೆ ಎಲ್ಲಿ ತುಂಡಾಗಿದೆ ಎಂದು ಹುಡುಕುವುದೇ ಒಂದು ಕೆಲಸ. ಇದನ್ನು ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಸಂಜೆಯವರೆಗೂ ಹುಡುಕಿ ಏನೂ ಮುಗಿಸದೆ ಮನೆಗೆ ಬಂದಾಗ ನನ್ನಲ್ಲೇ ಏನೋ ಕೆಟ್ಟಿದೆ ಎನಿಸುತ್ತದೆ.

ಪೀಣ್ಯದ ಸಣ್ಣ ಲೇತ್ ವರ್ಕ್‌ಶಾಪಿಗೆ ಆಯುಧಪೂಜೆ ಕಳೆದು ಬಾಗಿಲು ತೆರೆಯುವ ದಿನ ಹೋಗಿ ನೋಡಿ. ಬಾಡಿದ ಸೇವಂತಿಗೆ ಹಾರ ತೆಗೆಯುತ್ತಾರೆ. ಬೆಡ್ಡಿನ ಮೇಲೆ ಬಿದ್ದ ಅರಿಶಿನ ಕುಂಕುಮವನ್ನು ಬನಿಯನ್ ಬಟ್ಟೆಯಿಂದ ಒರೆಸಿ ಎಣ್ಣೆ ಬಿಡುತ್ತಾರೆ. ಆಮೇಲೆ ಮೆಷಿನ್ನಿಗೆ ಕೆಲಸ ಕಟ್ಟದೆ ಸ್ವಲ್ಪ ಹೊತ್ತು ಕಡಿಮೆ ವೇಗದಲ್ಲಿ ಸುಮ್ಮನೆ ಓಡಿಸುತ್ತಾರೆ. ನಾಲ್ಕು ದಿನ ನಿಂತ ಮೆಷಿನ್ನಿನ ಬೇರಿಂಗಿಗೆ ಎಣ್ಣೆ ಹರಡಬೇಕು, ಲೋಹ ಬಿಸಿಯೇರಿ ತನ್ನ ಅಳತೆಗೆ ನಿಲ್ಲಬೇಕು. ತಣ್ಣಗಿನ ಮೆಷಿನ್ನಿನಲ್ಲಿ ಕಟ್ ಮಾಡಿದ ಪೀಸು ಅಳತೆ ತಪ್ಪುತ್ತದೆ. ಹಾಗಾಗಿ ಮೊದಲು ಒಂದೇ ಒಂದು ಪೀಸು ಮಾಡಿ, ವರ್ನಿಯರ್ ಹಿಡಿದು ನೋಡಿ, ಸರಿಯಿದ್ದರೆ ಉಳಿದ ಬ್ಯಾಚಿಗೆ ಕೈ ಹಾಕುತ್ತಾರೆ. ಕಬ್ಬಿಣಕ್ಕೆ ಕೊಡುವ ಈ ಅರ್ಧ ಗಂಟೆಯನ್ನು ಆಫೀಸುಗಳು ಮನುಷ್ಯರಿಗೆ ಕೊಡುವುದಿಲ್ಲ ಎನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ. ರಜೆಯಿಂದ ಬಂದವರಿಗೆ ಮೊದಲ ದಿನ ಮೀಟಿಂಗ್ ಇಡಬೇಡಿ ಎಂದು ಇದನ್ನು ಓದುವ ಮೇಲಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

ನಿಮ್ಮ ಮೇಜಿನಲ್ಲಿ ಆ ಒಂದು ಪೀಸು ಯಾವುದು? ಒಂದೇ ಬ್ಯಾಂಕಿನ ಒಂದು ವಾರದ ಸ್ಟೇಟ್‌ಮೆಂಟ್ ತೆಗೆದುಕೊಂಡು ಟ್ಯಾಲಿಯ ಎಂಟ್ರಿಗಳೊಂದಿಗೆ ತಾಳೆ ನೋಡಿ ಮುಗಿಸಿ. ಚಿಕ್ಕದು, ತುದಿ ಮುಟ್ಟುವಂಥದ್ದು, ತಪ್ಪಾದರೆ ಅಲ್ಲೇ ಗೊತ್ತಾಗುವಂಥದ್ದು. ಅದಾದ ಮೇಲೆ ಮೇಲ್ ತೆರೆಯಿರಿ, ಹಳೆಯದರಿಂದ ಅಲ್ಲ, ಹೊಸದರಿಂದ ಓದುತ್ತಾ ಬನ್ನಿ. ಹಿಂದಿನ ಎಷ್ಟೋ ತಕರಾರು ನೀವಿಲ್ಲದಾಗಲೇ ಬಗೆಹರಿದಿರುತ್ತವೆ. ಪಕ್ಕದ ಸೀಟಿನವರ ಹತ್ತಿರ ಹತ್ತು ನಿಮಿಷ ಕೂತು ‘ನಾನಿಲ್ಲದಾಗ ಏನೇನಾಯಿತು?’ ಎಂದು ಕೇಳಿದರೆ ಅರ್ಧ ದಿನದ ಓದು ಉಳಿಯುತ್ತದೆ. ಆಮೇಲೆ ತಾರೀಖುಗಳು. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವ ಕಂಪನಿಯಾದರೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಇವು ನಿಮ್ಮ ಸುಸ್ತಿಗೆ ಕಾಯುವುದಿಲ್ಲ, ಮೊದಲ ದಿನವೇ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಉಳಿದ ಬಾಕಿಯನ್ನು ಎರಡನೆಯ, ಮೂರನೆಯ ದಿನಕ್ಕೆ ಹಂಚಿ.

ಬರೆದಿಡುವುದರಲ್ಲಿ ಬರೀ ನೆನಪಿನ ಅನುಕೂಲ ಮಾತ್ರ ಇಲ್ಲ. ಅರ್ಧ ಉಳಿದ ಕೆಲಸ ತಲೆಯನ್ನು ಕೊರೆಯುತ್ತಿರುತ್ತದೆ, ಬೇರೆಯದರಲ್ಲಿ ಗಮನ ನಿಲ್ಲಲು ಬಿಡುವುದಿಲ್ಲ. ಅದನ್ನು ಮುಗಿಸದಿದ್ದರೂ ಯಾವಾಗ, ಹೇಗೆ ಮಾಡುತ್ತೇನೆ ಎಂದು ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೆ ಆ ಕೊರೆತ ನಿಲ್ಲುತ್ತದೆ ಎಂದು ಮನೋವಿಜ್ಞಾನಿಗಳಾದ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಹಾಗಾಗಿ ದೀಪಾವಳಿಗೆ ಹೊರಡುವ ಸಂಜೆ ಹದಿನೈದು ನಿಮಿಷ ಇಟ್ಟುಕೊಳ್ಳಿ. ಯಾವ ವೋಚರ್ ಎಲ್ಲಿಗೆ ನಿಂತಿದೆ, ಯಾರ ಉತ್ತರ ಬರಬೇಕು, ಬಂದ ದಿನ ಮೊದಲು ಯಾವ ಫೈಲ್ ತೆರೆಯಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕೀಬೋರ್ಡಿನ ಕೆಳಗಿಟ್ಟು ಹೊರಡಿ. ಊರಿನಲ್ಲಿ ಮನಸ್ಸೂ ಹಗುರಾಗಿರುತ್ತದೆ.

ಬೆಳಗಿನ ವಾಕಿಂಗ್, ಯೋಗ ಇಂಥ ರೂಢಿಗಳು ರಜೆಯಲ್ಲಿ ಬಿಟ್ಟುಹೋದವು ಎಂಬ ಕೊರಗು ನಿಮಗಿದ್ದರೆ, ಬಿಡಿ. ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ರೂಢಿ ಮೈಗೂಡಲು ಸರಾಸರಿ 66 ದಿನ ಹಿಡಿಯಿತು. ನಡುವೆ ಒಂದು ದಿನ ತಪ್ಪಿದರೆ ಅದರಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ವರ್ಷಗಳಿಂದ ಇದ್ದ ರೂಢಿ ಒಂದು ವಾರದ ಬಿಡುವಿಗೆ ಅಳಿಸಿಹೋಗುವುದಿಲ್ಲ. ಅದೇ ಚಪ್ಪಲಿ, ಅದೇ ದಾರಿ, ಅದೇ ಹೊತ್ತು ಸಿಕ್ಕರೆ ಕಾಲು ತಾನೇ ಹೊರಡುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎರಡು ವಾರ ಕಳೆದ ಮೇಲೂ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಆಫೀಸನ್ನು ನೆನೆದರೇ ಎದೆ ಹೊಡೆದುಕೊಳ್ಳುವಂತಿದ್ದರೆ ಅದು ರಜೆಯ ಗುಂಗಲ್ಲ. ವೈದ್ಯರನ್ನು ಕಾಣಿ. ಇಲ್ಲವೇ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ (14416) ಕರೆ ಮಾಡಿ. ಅದು 2022ರಲ್ಲಿ ಆರಂಭವಾಯಿತು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಇನ್ನು ಕೆಲವರಿಗೆ ರಜೆ ಮುಗಿದಾಗಲೇ ಗೊತ್ತಾಗುತ್ತದೆ, ತಮಗೆ ಆಗಿಬರದಿರುವುದು ಸೋಮವಾರವಲ್ಲ, ಆ ನೌಕರಿಯೇ ಎಂದು. ಆ ಅನುಮಾನ ಬಂದಿದ್ದರೆ ಅದನ್ನು ಅದುಮಿಡಬೇಡಿ. ಆದರೆ ಬಂದ ವಾರದಲ್ಲೇ ತೀರ್ಮಾನ ಮಾಡದೆ ನಿದ್ದೆ ಸರಿಯಾದ ಮೇಲೆ ಮತ್ತೊಮ್ಮೆ ಯೋಚಿಸಿ.

ದೀಪಾವಳಿಯ ಮಾತಿಗೆ ಬರೋಣ. ವಿಜಯದಶಮಿ ಕಳೆದು ಮೂರು ವಾರ ತುಂಬುವಷ್ಟರಲ್ಲಿ ಅದು ಬರುತ್ತದೆ, ಸುಧಾರಿಸಿಕೊಳ್ಳಲು ಅಷ್ಟು ದಿನ ಸಾಕು. ಆ ಹಬ್ಬದಲ್ಲಿ ನಿಮಗೊಂದು ಅನುಕೂಲವೂ ಇದೆ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಬೆಳಕು ಹರಿಯುವ ಮೊದಲೇ ಏಳಲೇಬೇಕು. ಆಮೇಲಿನ ಅಮಾವಾಸ್ಯೆ, ಬಲಿಪಾಡ್ಯಮಿಯ ದಿನಗಳಲ್ಲೂ ಅದಕ್ಕಿಂತ ಒಂದು ಗಂಟೆಗಿಂತ ಹೆಚ್ಚು ತಡಮಾಡದೆ ಎದ್ದರೆ ಗಡಿಯಾರ ಅಷ್ಟಾಗಿ ಜಾರುವುದಿಲ್ಲ. ನಿದ್ದೆ ಸಾಲದಿದ್ದರೆ ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಿ, ಅದಕ್ಕಿಂತ ಹೆಚ್ಚು ಬೇಡ. ವಾಪಸ್ ಬರುವುದಕ್ಕೆ ರಾತ್ರಿ ಬಸ್ಸನ್ನು ಕೈಬಿಡಿ. ಹಬ್ಬ ಮುಗಿದ ಭಾನುವಾರದ ರಾತ್ರಿ ಹಿಂದಿನ ಸೀಟಿನಲ್ಲಿ ಕೂತು, ಕಾಲ ಕೆಳಗೆ ತೆಂಗಿನಕಾಯಿ ಚೀಲ ಇಟ್ಟುಕೊಂಡು ಬಂದವರಿಗೆ ಅದು ನಿದ್ದೆಯಲ್ಲ, ಪ್ರಯಾಣ. ಒಂದು ದಿನ ಮೊದಲೇ ಹಗಲಿನ ರೈಲಿಗೋ ಬಸ್ಸಿಗೋ ಹೊರಟು, ಒಂದು ರಾತ್ರಿ ನಿಮ್ಮ ಹಾಸಿಗೆಯಲ್ಲಿ ಮಲಗಿ ಆಫೀಸಿಗೆ ಹೋಗಿ. ಕ್ಯಾಶುವಲ್ ಲೀವ್ ಉಳಿದಿದ್ದರೆ ಒಂದನ್ನು ಹಬ್ಬದ ಮುಂಚೆ ಹಾಕದೆ ಕೊನೆಗೆ ಹಾಕಿಕೊಳ್ಳಿ. ಅತ್ತೆಯವರು ‘ಇನ್ನೊಂದು ದಿನ ಇದ್ದು ಹೋಗಬಹುದಿತ್ತಲ್ಲಾ’ ಎಂದರೆ, ಹೋಗುವ ಮೊದಲೇ ಫೋನಿನಲ್ಲಿ ತಾರೀಖು ತಿಳಿಸಿದ್ದನ್ನು ನಿಮ್ಮ ಯಜಮಾನರೇ ನೆನಪಿಸಲಿ.