ಭಾರ ಎತ್ತುವ ಯಂತ್ರ: ಕಟ್ಟಡದ ಕೆಲಸಕ್ಕೆ ಹೋಗುವವರಿಗೆ



ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗಳ ಅನೇಕ ತರುಣರು ಕಟ್ಟಡದ ಕೆಲಸಕ್ಕೆಂದು ಪಟ್ಟಣಕ್ಕೆ ಹೋಗುತ್ತಾರೆ. ಟ್ರ್ಯಾಕ್ಟರು ನಡೆಸಬಲ್ಲವನ ಕೈಗೆ ಅಲ್ಲಿ ಫೋರ್ಕ್‌ಲಿಫ್ಟ್ ಕೊಡುವುದುಂಟು. ಹಾಗೆ ಹೋಗಿ ಬಂದ ಹುಡುಗನೊಬ್ಬ ನನ್ನನ್ನು ಕೇಳಿದ: "ಸಾರ್, ಹಿಂದಿನ ಗಾಲಿ ಎದ್ದಾಗ ನಮ್ಮ ಮೇಸ್ತ್ರಿ ಹಿಂದುಗಡೆ ಇಬ್ಬರನ್ನು ಹತ್ತಿಸಿ ನಿಲ್ಲಿಸುತ್ತಿದ್ದರು. ಅದು ಸರಿಯೇ?" ಸರಿಯಲ್ಲ. ಏಕೆಂಬುದನ್ನು ತಿಳಿಸಲೆಂದೇ ಈ ಪಾಠ.

ಎತ್ತಿನ ಗಾಡಿಗೆ ಹಿಂಭಾರವಾದರೆ ಮೂಕಿ ಏಳುತ್ತದೆ. ಅಚ್ಚಿನ ಹಿಂದುಮುಂದಿನ ಭಾರ ಸರಿದೂಗಬೇಕೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಫೋರ್ಕ್‌ಲಿಫ್ಟಿನದೂ ಅದೇ ಲೆಕ್ಕ. ಮುಂದಿನ ಗಾಲಿಗಳೇ ಅದರ ಅಚ್ಚು. ಅವುಗಳ ಮುಂದೆ ಎರಡು ಕಬ್ಬಿಣದ ತೋಳುಗಳ ಮೇಲೆ ಸರಕು. ಅದಕ್ಕೆ ಎದುರುಭಾರವಾಗಿ ಹಿಂಬದಿಯಲ್ಲಿ ಎರಕದ ಕಬ್ಬಿಣದ ದಿಮ್ಮಿ. ಎಷ್ಟು ಎತ್ತಬಹುದೆಂದು ಯಂತ್ರದ ಮೇಲಿನ ತಗಡಿನಲ್ಲಿ ಬರೆದಿರುತ್ತಾರೆ. ಆ ಅಂಕಿಯೊಂದನ್ನೇ ನೋಡಿದರೆ ಸಾಲದು. 2,500 ಕಿಲೋ ಎಂದಿದ್ದರೆ, ಸಾಮಾನ್ಯವಾಗಿ ಸರಕಿನ ಮಧ್ಯವು ತೋಳಿನ ಬುಡದಿಂದ 50 ಸೆಂಟಿಮೀಟರಿನಲ್ಲಿದ್ದಾಗ ಮಾತ್ರ ಅಷ್ಟು. 50 ಕಿಲೋ ಸಿಮೆಂಟಿನ 40 ಚೀಲವೆಂದರೆ 2,000 ಕಿಲೋ. ಬುಡಕ್ಕೆ ಒತ್ತಿ ಜೋಡಿಸಿದರೆ ಸಲೀಸಾಗಿ ಎತ್ತುವ ಯಂತ್ರವೇ, ತುದಿಗೆ ಇಟ್ಟರೆ ಮುಗ್ಗರಿಸೀತು.

ಹಿಂದೆ ಇಬ್ಬರು ನಿಂತರೆ ಕೂಡುವುದು ನೂರಿಪ್ಪತ್ತು ಕಿಲೋ. ಯಂತ್ರ ಕುಲುಕಿದರೆ ಮೊದಲು ಬೀಳುವವರು, ಗಾಲಿಗೆ ಸಿಗುವವರು ಅವರೇ. ಇನ್ನೊಂದು ಸಂಗತಿಯುಂಟು. ಈ ಯಂತ್ರ ತಿರುಗುವುದು ಹಿಂದಿನ ಗಾಲಿಗಳಿಂದ. ಅವು ನೆಲ ಬಿಟ್ಟರೆ ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಸರಕನ್ನು ಎರಡು ಸಲ ಮಾಡಿ ಒಯ್ಯುವುದೇ ದಾರಿ. ಮೇಸ್ತ್ರಿ ಬೈದರೆ ಬೈಯಲಿ.

ಮಗ್ಗುಲಿಗೆ ಬೀಳುವುದು ಇದಕ್ಕಿಂತ ಕೆಟ್ಟದ್ದು. ಸರಕನ್ನು ಎತ್ತರದಲ್ಲಿಟ್ಟುಕೊಂಡೇ ತಿರುಗಿಸಿದರೆ, ಒಂದು ಗಾಲಿ ಗುಂಡಿಗೆ ಇಳಿದರೆ, ಯಂತ್ರ ಮಗುಚುತ್ತದೆ. ಕಟ್ಟಡದ ಜಾಗವೆಂದರೆ ಅಗೆದ ಮಣ್ಣು. ಮಳೆ ಬಿದ್ದ ಮಾರನೆಯ ದಿನ ಪಾಯದ ಅಂಚು ಹೊಸ ಬದುವಿನಂತೆ ಕುಸಿಯುತ್ತದೆ. ಗೋದಾಮಿನ ಗಚ್ಚುನೆಲಕ್ಕೆಂದು ಮಾಡಿದ ಸಣ್ಣ ಗಾಲಿಯ ಯಂತ್ರವನ್ನು ಅಲ್ಲಿ ಇಳಿಸಬಾರದು. ಹಳ್ಳದಿಣ್ಣೆಯ ನೆಲಕ್ಕೆ ದೊಡ್ಡ ಗಾಲಿಯದು ಬೇರೆಯೇ ಇದೆ. ಮೊದಲು ದಾರಿಯನ್ನು ನಡೆದು ನೋಡಿರಿ. ಓಡಿಸುವಾಗ ತೋಳುಗಳು ನೆಲದಿಂದ ಗೇಣಿನೊಳಗಿರಲಿ, ಸರಕು ಹಿಂದಕ್ಕೆ ವಾಲಿರಲಿ. ಇಳಿಜಾರಿನಲ್ಲಿ ಸರಕು ಯಾವಾಗಲೂ ಏರಿನ ಕಡೆಗೆ ಇರಬೇಕು. ಅಂದರೆ ಹತ್ತುವಾಗ ಮುಂದಾಗಿ, ಇಳಿಯುವಾಗ ಹಿಮ್ಮುಖವಾಗಿ.

ಮಗುಚುತ್ತಿದೆ ಎನ್ನಿಸಿದರೆ ನೆಗೆಯಬೇಡಿರಿ. ಎತ್ತಿನ ಗಾಡಿಯಿಂದ ನೆಗೆದು ಬದುಕಿದವರಿದ್ದಾರೆ. ಆ ಅಭ್ಯಾಸ ಇಲ್ಲಿ ಪ್ರಾಣ ತೆಗೆಯುತ್ತದೆ. ಚಾಲಕನ ತಲೆಯ ಮೇಲಿರುವ ಕಬ್ಬಿಣದ ಚೌಕಟ್ಟು ನೆಗೆದವನ ಮೇಲೆಯೇ ಬೀಳುತ್ತದೆ. ಬೆಲ್ಟನ್ನು ಮೊದಲೇ ಕಟ್ಟಿರಬೇಕು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಕಾಲು ಊರಿ, ಯಂತ್ರ ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಿ ಕುಳಿತೇ ಇರಬೇಕು.

ಆ ಹುಡುಗ ಈ ಸಲವೂ ಸುಗ್ಗಿ ಮುಗಿಸಿ ಹೊರಡುವವನಿದ್ದಾನೆ. ಯಂತ್ರದ ತಗಡಿನ ಫೋಟೋ ತೆಗೆದು ಕಳಿಸೆಂದು ಹೇಳಿದ್ದೇನೆ. ಇಬ್ಬರೂ ಕೂಡಿ ಲೆಕ್ಕ ಹಾಕೋಣವೆಂದಿದ್ದೇನೆ. ಬೇರೆಯವರೂ ಕಳಿಸಬಹುದು.